ಮನೆಯಲ್ಲೇ ಚಿಪ್ಪಿನ ಕವಚ: ಪದೇ ಪದೇ ಕೇಳುವ ಪ್ರಶ್ನೆಗಳು

ಲಾರ್ಪ್ (ಲೈವ್ ಆಕ್ಷನ್ ರೋಲ್ ಪ್ಲೇ), ಅಂದರೆ ವೇಷ ತೊಟ್ಟು ಒಂದೊಂದು ಪಾತ್ರವಾಗಿ ಆಡುವ ಆಟಕ್ಕಾಗಿ, ಹುಬ್ಬಳ್ಳಿಯ ನಮ್ಮ ಮನೆಯ ಮಾಳಿಗೆಯ ಮೇಲೆ ನಾನು ಇದುವರೆಗೆ ಮೂರು ಕವಚಗಳನ್ನು ಮಾಡಿದ್ದೇನೆ. ಮೊದಲನೆಯದು ಕೆಟ್ಟಿತು, ಎರಡನೆಯದು ಹೊರಲಾರದಷ್ಟು ಭಾರವಾಯಿತು, ಮೂರನೆಯದನ್ನು ಈಗಲೂ ತೊಡುತ್ತೇನೆ. ಗೆಳೆಯರು, ಗೆಳೆಯರ ಗೆಳೆಯರು, ಒಮ್ಮೊಮ್ಮೆ ಗದಗ, ಹಾವೇರಿಗಳಿಂದ ಪರಿಚಯವಿಲ್ಲದವರು ಕೂಡ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಚಿಪ್ಪಿನ ಕವಚ ಎಂದರೆ ಯಾವುದು? ಬಳೆಗಳನ್ನು ಕೋದ ಕವಚಕ್ಕೂ ಇದಕ್ಕೂ ಏನು ಭೇದ?

ದಪ್ಪ ಬಟ್ಟೆಯ ಅಥವಾ ತೊಗಲಿನ ಅಂಗಿಯ ಮೇಲೆ ಸಣ್ಣ ಬಿಲ್ಲೆಗಳನ್ನು ಸಾಲುಸಾಲಾಗಿ, ಮೇಲಿನ ಸಾಲಿನ ಕೆಳಗಂಚು ಕೆಳಗಿನ ಸಾಲಿನ ಹೊಲಿಗೆಯನ್ನು ಮುಚ್ಚುವಂತೆ ಹೊಲಿದರೆ ಅದು ಚಿಪ್ಪಿನ ಕವಚ. ಮೀನಿನ ಹುರುಪೆಯನ್ನು ಹತ್ತಿರದಿಂದ ನೋಡಿದವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ. ಉಕ್ಕಿನ ಸಣ್ಣ ಬಳೆಗಳನ್ನು ಒಂದರೊಳಗೊಂದು ಕೋದು ಮಾಡಿದ ಕವಚ ಬೇರೆಯೇ ಜಾತಿಯದು. ಟಿಬೆಟ್, ಜಪಾನುಗಳಲ್ಲಿ ಬಳಕೆಯಲ್ಲಿದ್ದ ಇನ್ನೊಂದು ಬಗೆಯಲ್ಲಿ ಹಿಂದೆ ಅಂಗಿಯೇ ಇರುವುದಿಲ್ಲ, ಬಿಲ್ಲೆಗಳನ್ನು ದಾರದಿಂದ ಒಂದಕ್ಕೊಂದು ಹೆಣೆದಿರುತ್ತಾರೆ. ಮೊದಲ ಸಲ ಮಾಡುವವರಿಗೆ ಚಿಪ್ಪಿನ ಕವಚವೇ ಸುಲಭ, ಏಕೆಂದರೆ ಅದರ ಆಕಾರವನ್ನು ಹಿಡಿದಿಡುವುದು ಒಳಗಿನ ಅಂಗಿ, ಮತ್ತು ಅಂಗಿ ಹೊಲಿಯಬಲ್ಲವರು ನಮ್ಮ ಊರುಗಳಲ್ಲಿ ಓಣಿಗೊಬ್ಬರಿದ್ದಾರೆ.

ಲಾರ್ಪ್ ಎಂದರೆ ನಮ್ಮ ಬಯಲಾಟವೇ ಅಲ್ಲವೇ?

ಹೋಲಿಕೆ ಇದೆ, ಆದರೆ ಎರಡೂ ಒಂದೇ ಅಲ್ಲ. ದೊಡ್ಡಾಟದಲ್ಲಿ ಕಥೆ ಮೊದಲೇ ಗೊತ್ತಿರುತ್ತದೆ, ನೋಡುವವರು ಎದುರಿಗೆ ಕುಳಿತಿರುತ್ತಾರೆ. ಲಾರ್ಪಿನಲ್ಲಿ ನೋಡುವವರೇ ಇಲ್ಲ, ಬಂದವರೆಲ್ಲರೂ ಪಾತ್ರಧಾರಿಗಳು, ಮಾತನ್ನೂ ಮುಂದಿನ ನಡೆಯನ್ನೂ ಅಲ್ಲಲ್ಲಿಯೇ ಹೊಳೆದಂತೆ ಕಟ್ಟಿಕೊಳ್ಳುತ್ತಾರೆ. ಅಮೆರಿಕದಲ್ಲಿ 1977ರಲ್ಲಿ ಶುರುವಾದ ಡಾಗೊರ್‌ಹಿರ್ ಮತ್ತು ಇಂಗ್ಲೆಂಡಿನ ಪೆಕ್‌ಫರ್ಟನ್ ಕೋಟೆಯಲ್ಲಿ 1982ರಲ್ಲಿ ಶುರುವಾದ ಟ್ರೆಷರ್ ಟ್ರ್ಯಾಪ್ ಈ ಆಟದ ಹಳೆಯ ಕೂಟಗಳು. ಕಾಳಗವಿರುವ ಆಟಗಳಲ್ಲಿ ಆಯುಧಗಳನ್ನು ಫೋಮಿನಿಂದ ಮಾಡಿರುತ್ತಾರೆ. ಕವಚದ ವಿಷಯದಲ್ಲಿ ಇದು ಮುಖ್ಯ, ಏಕೆಂದರೆ ನಿಮ್ಮ ಕವಚ ಕಬ್ಬಿಣದ ಕತ್ತಿಯನ್ನು ತಡೆಯಬೇಕಾಗಿಲ್ಲ. ಓಡುವಾಗ, ಬೀಳುವಾಗ, ಬಾಗುವಾಗ ಅದು ಮೈಮೇಲೆ ನೆಟ್ಟಗೆ ನಿಂತಿರಬೇಕು, ಎದುರಾಳಿಯ ಕೈಯನ್ನಾಗಲಿ ಅವನ ಫೋಮಿನ ಕತ್ತಿಯನ್ನಾಗಲಿ ಸೀಳಬಾರದು.

ದೊಡ್ಡಾಟದ ಎದೆಗವಚ, ಭುಜಕೀರ್ತಿಗಳನ್ನೇ ಬಾಡಿಗೆಗೆ ತಂದರೆ ಆಗದೇ?

ಆಗುವುದಿಲ್ಲ. ರಟ್ಟು, ಹಗುರ ಮರ, ಬೇಗಡೆ, ಕನ್ನಡಿ ಚೂರುಗಳಿಂದ ಮಾಡಿದ ಆ ವೇಷ ದೀಪದ ಬೆಳಕಿನಲ್ಲಿ ದೂರದಿಂದ ನೋಡುವುದಕ್ಕೆ ಮಾಡಿದ್ದು. ಒಂದು ಸಲ ನೆಲಕ್ಕೆ ಬಿದ್ದರೆ ಅದು ಒಡೆಯುತ್ತದೆ, ಕನ್ನಡಿ ಚೂರು ಯಾರಿಗಾದರೂ ಚುಚ್ಚುತ್ತದೆ, ಮೇಳದವರ ಹೊಟ್ಟೆಯ ಮೇಲೂ ಹೊಡೆದಂತಾಗುತ್ತದೆ. ಆದರೆ ಬೇಗಡೆ ಅಂಟಿಸುವ, ಬಂಗಾರದ ಬಣ್ಣವನ್ನು ಮಂದವಾಗಿ ಎಳೆಯುವ ಕೈಚಳಕವನ್ನು ಆ ಕಲಾವಿದರಿಂದ ಕಲಿತರೆ ಲಾಭವಿದೆ.

ಇಂಥ ಕವಚ ಹಿಂದೆ ಎಲ್ಲಿತ್ತು? ನಮ್ಮ ಭಾಗದ ವೀರಗಲ್ಲುಗಳಲ್ಲಿ ಕಾಣುತ್ತದೆಯೇ?

ಈಜಿಪ್ಟಿನ ತುತಾಂಖಾಮೆನ್ನನ ಗೋರಿಯಲ್ಲಿ ತೊಗಲಿನ ಬಿಲ್ಲೆಗಳ ಕವಚ ಸಿಕ್ಕಿದೆ, ಅಂದರೆ ಈ ಉಪಾಯಕ್ಕೆ ಮೂರು ಸಾವಿರ ವರ್ಷಗಳಿಗಿಂತ ಹೆಚ್ಚಿನ ವಯಸ್ಸು. ರೋಮನ್ ಸೈನಿಕರ ಚಿಪ್ಪಿನ ಕವಚಗಳ ಬಿಲ್ಲೆಗಳು ಹಲವೆಡೆ ದೊರೆತಿವೆ, ಅವುಗಳಲ್ಲಿ ಬಹಳಷ್ಟು 1 ಮಿ.ಮೀ.ಗಿಂತಲೂ ತೆಳು. ದಪ್ಪ ತಗಡೇ ಬೇಕೆಂದು ಹಟ ಹಿಡಿಯುವವರಿಗೆ ನಾನು ಇದನ್ನೇ ಮೊದಲು ಹೇಳುವುದು. ಭಾರತದಲ್ಲಿ ದಪ್ಪ ಹೊಲಿಗೆಯ ಅಂಗಿಗೆ ಸಾವಿರಾರು ಸಣ್ಣ ಮೊಳೆಗಳನ್ನು ಬಡಿದ, ಸಾವಿರ ಮೊಳೆಯ ಅಂಗಿ ಎಂಬರ್ಥದ ಹೆಸರಿನ ಚಿಲ್ತಾ ಹಜಾರ್ ಮಾಶಾ ಇತ್ತು. ಚಿಪ್ಪುಹಂದಿಯ ಚಿಪ್ಪುಗಳನ್ನೇ ಹೊಲಿದು ಬಂಗಾರದ ಬಣ್ಣ ಕೊಟ್ಟ ಒಂದು ಅಂಗಿಯನ್ನು 1820ರಲ್ಲಿ ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜನಿಗೆ ಭಾರತದಿಂದ ಕೊಟ್ಟಿದ್ದರು. ಇದನ್ನು ಓದಿ ಯಾರೂ ಚಿಪ್ಪುಹಂದಿಯ ಚಿಪ್ಪನ್ನು ಹುಡುಕಲು ಹೋಗಬಾರದು. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ, ಅದರ ಚಿಪ್ಪನ್ನು ಇಟ್ಟುಕೊಳ್ಳುವುದೇ ಅಪರಾಧ.

ವೀರಗಲ್ಲುಗಳ ವಿಷಯದಲ್ಲಿ ಉತ್ತರ ತುಸು ನಿರಾಸೆಯದು. ಹಾನಗಲ್ಲಿನಲ್ಲಿಯಾಗಲಿ ಲಕ್ಕುಂಡಿಯಲ್ಲಿಯಾಗಲಿ ಕಾಣುವ ವೀರಗಲ್ಲುಗಳ ಕೆಳಗಿನ ಪಟ್ಟಿಕೆಯಲ್ಲಿ ಕಾದಾಡುತ್ತಿರುವ ವೀರ ಸಾಮಾನ್ಯವಾಗಿ ಬರಿಮೈಯಲ್ಲಿ, ಕಚ್ಚೆ ಕಟ್ಟಿ, ಗುರಾಣಿ ಹಿಡಿದು ನಿಂತಿರುತ್ತಾನೆ. ಕನ್ನಡದಲ್ಲಿ ಜೋಡು, ವಜ್ರಾಂಗಿ ಎಂಬ ಕವಚದ ಹಳೆಯ ಮಾತುಗಳಿರುವುದು ನಿಜ, ಆದರೆ ವೀರಗಲ್ಲಿನ ಬಂಟನ ಪಾತ್ರವನ್ನೇ ಆಡಬೇಕೆಂದಿರುವವರಿಗೆ ಒಂದು ಒಳ್ಳೆಯ ಗುರಾಣಿ ಸಾಕು, ಈ ಬರಹದ ಉಳಿದ ಭಾಗವನ್ನು ಅವರು ಓದಬೇಕಾಗಿಲ್ಲ.

ಬಿಲ್ಲೆಗಳನ್ನು ಯಾವುದರಿಂದ ಮಾಡಬೇಕು?

ನಾನು ಶಿಫಾರಸು ಮಾಡುವುದು ಎರಡನ್ನೇ: ಅಲ್ಯೂಮಿನಿಯಂ ತಗಡು ಅಥವಾ ಇವಿಎ ಫೋಮ್. ತಗಡಾದರೆ 20 ಗೇಜ್, ಅಂದರೆ ಸುಮಾರು 0.9 ಮಿ.ಮೀ. ದಪ್ಪದ್ದು ಸರಿಹೋಗುತ್ತದೆ. 22 ಗೇಜಿನದು ಸುಮಾರು 0.7 ಮಿ.ಮೀ. ಇದ್ದು ಕತ್ತರಿಸಲು ಸುಲಭವಾದರೂ ಬಿದ್ದಾಗ ಬಾಗುತ್ತದೆ. 18 ಗೇಜಿನದು 1.2 ಮಿ.ಮೀ., ಅದನ್ನು ಕೈಕತ್ತರಿಯಲ್ಲಿ ಐನೂರು ಸಲ ಕತ್ತರಿಸಿದವರ ಹೆಬ್ಬೆರಳು ವಾರಗಟ್ಟಲೆ ನೋಯುತ್ತದೆ. ಕಬ್ಬಿಣದ ತಗಡು ಇದೇ ದಪ್ಪದಲ್ಲಿ ಸುಮಾರು ಮೂರು ಪಟ್ಟು ಭಾರ. ನನ್ನ ಎರಡನೆಯ ಕವಚ ಅದರದೇ ಆಗಿದ್ದು ಈಗ ಗೋಡೆಗೆ ನೇತುಹಾಕಿದ ಅಲಂಕಾರವಾಗಿದೆ.

ಇವಿಎ ಫೋಮ್ ಎಂದರೆ ಚಪ್ಪಲಿಯ ಅಟ್ಟೆಗೂ ವ್ಯಾಯಾಮದ ಚಾಪೆಗೂ ಬಳಸುವ ಮೆತ್ತನೆಯ ಹಾಳೆ. ಬಿಲ್ಲೆಗಳಿಗೆ 5 ಮಿ.ಮೀ. ದಪ್ಪ ಸಾಕು. ಅದು ಹಗುರ, ಅಗ್ಗ, ಯಾರನ್ನೂ ಗಾಯಗೊಳಿಸುವುದಿಲ್ಲ, ಆದರೆ ನಡೆಯುವಾಗ ಬಿಲ್ಲೆಗಳು ಒಂದಕ್ಕೊಂದು ತಾಗಿ ಬರುವ ಆ ಸದ್ದು ಮಾತ್ರ ಅದರಲ್ಲಿ ಇಲ್ಲ, ಮತ್ತು ನಿಜ ಹೇಳಬೇಕೆಂದರೆ ಅರ್ಧ ಜನ ಕವಚ ಮಾಡುವುದೇ ಆ ಸದ್ದಿಗಾಗಿ.

ತೊಗಲು ಚೆಂದ, ಆದರೆ ದುಬಾರಿ, ಮತ್ತು ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಪಿವಿಸಿ ಪೈಪನ್ನು ಸೀಳಿ, ಬಿಸಿ ಮಾಡಿ, ಚಪ್ಪಟೆಗೊಳಿಸಿ ಬಳಸುವವರೂ ಇದ್ದಾರೆ. ಅದು ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ಮೆತ್ತಗಾಗುತ್ತದೆ, ಆದುದರಿಂದ ಬಿಸಿಗಾಳಿ ಊದುವ ಹೀಟ್ ಗನ್ನನ್ನು ದೂರದಿಂದ ಹಿಡಿದರೆ ಸಾಕು. ಒಲೆಯ ಉರಿಗೆ ಒಡ್ಡಿದರೆ ಅದು ಕರಕಲಾಗಿ ಹೈಡ್ರೋಜನ್ ಕ್ಲೋರೈಡ್ ಎಂಬ ಕೆಟ್ಟ ಅನಿಲವನ್ನು ಬಿಡುತ್ತದೆ. ಹಾಗೆಯೇ ಜಿಐ ತಗಡನ್ನು, ಅಂದರೆ ಸತುವಿನ ಲೇಪವಿರುವ ಕಬ್ಬಿಣದ ತಗಡನ್ನು, ಎಂದಿಗೂ ಕಾಯಿಸಬೇಡಿರಿ, ಅದರ ಮೇಲಿನ ಸತುವಿನ ಹೊಗೆ ಕುಡಿದವರಿಗೆ ಚಳಿಜ್ವರ ಬರುತ್ತದೆ.

ಎಣ್ಣೆ ಡಬ್ಬಿಯ ತಗಡು ಪುಕ್ಕಟೆ ಸಿಗುತ್ತದೆ, ಅದನ್ನೇಕೆ ಬಳಸಬಾರದು?

ನನ್ನ ಮೊದಲ ಕವಚ ಅದರದೇ. ಖಾನಾವಳಿಯೊಂದರಿಂದ 15 ಕೆ.ಜಿ.ಯ ಖಾಲಿ ಡಬ್ಬಿಗಳನ್ನು ತಂದು, ಬಿಡಿಸಿ, ತೊಳೆದು, ಎರಡು ವಾರ ಕುಳಿತು ಕತ್ತರಿಸಿದೆ. ಆ ತಗಡು ಎಷ್ಟು ತೆಳುವೆಂದರೆ ಅದರ ಅಂಚನ್ನು ಅರದಿಂದ ಉಜ್ಜಿದಷ್ಟೂ ಹೊಸ ಅಂಚು ಬ್ಲೇಡಿನಂತೆ ಏಳುತ್ತದೆ. ಮೊದಲ ದಿನದ ಆಟದಲ್ಲಿ ಒಂದೆರಡು ಸಲ ಬಾಗಿ ಎದ್ದದ್ದೇ ತಡ, ಮೇಲಿನ ಸಾಲಿನ ಬಿಲ್ಲೆಗಳು ಕೆಳಗಿನ ಸಾಲಿನ ದಾರವನ್ನು ಕತ್ತರಿಸತೊಡಗಿದವು. ಸಂಜೆ ಹೊತ್ತಿಗೆ ನಾನು ನಡೆದ ದಾರಿಯುದ್ದಕ್ಕೂ ಬಿಲ್ಲೆಗಳು ಬಿದ್ದಿದ್ದವು, ನನ್ನ ಬಲಗೈಯ ಮಣಿಕಟ್ಟಿನ ಬಳಿ ಇಂದಿಗೂ ಒಂದು ಗೆರೆ ಉಳಿದಿದೆ. ಅಂಚನ್ನು ಒಳಕ್ಕೆ ಮಡಿಸಿ ಬಡಿದರೆ ಡಬ್ಬಿಯ ತಗಡನ್ನೂ ಬಳಸಬಹುದು, ಆದರೆ ಐನೂರು ಬಿಲ್ಲೆಗಳ ಸುತ್ತಲೂ ಅಂಚು ಮಡಿಸುವ ತಾಳ್ಮೆ ಇರುವವರು ಅಲ್ಯೂಮಿನಿಯಂ ಕೊಳ್ಳುವಷ್ಟು ದುಡ್ಡನ್ನು ಬೇರೆ ಕೆಲಸದಿಂದ ಬೇಗ ಗಳಿಸಬಲ್ಲರು.

ಎಷ್ಟು ಬಿಲ್ಲೆಗಳು ಬೇಕು? ಭಾರ ಎಷ್ಟಾಗುತ್ತದೆ?

ಲೆಕ್ಕ ಹೀಗೆ. ಬಿಲ್ಲೆಯ ಅಗಲ 4 ಸೆಂ.ಮೀ., ಉದ್ದ 6 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಪಕ್ಕದ ಬಿಲ್ಲೆಯ ಮೇಲೆ ಅರ್ಧ ಸೆಂ.ಮೀ., ಕೆಳಗಿನ ಸಾಲಿನ ಮೇಲೆ 2 ಸೆಂ.ಮೀ. ಹೊದಿಸಿದರೆ ಹೊರಗೆ ಕಾಣುವ ಭಾಗ 3.5 ಸೆಂ.ಮೀ. ಅಗಲ, 4 ಸೆಂ.ಮೀ. ಉದ್ದ ಉಳಿಯುತ್ತದೆ. ಒಳಗಿನ ದಪ್ಪ ಅಂಗಿಯನ್ನು ತೊಟ್ಟ ಮೇಲೆ ಎದೆಯ ಸುತ್ತಳತೆ 110 ಸೆಂ.ಮೀ. ಬಂದರೆ ಒಂದು ಸಾಲಿಗೆ 31 ಬಿಲ್ಲೆಗಳು. ಹೆಗಲಿನಿಂದ ಸೊಂಟದ ಕೆಳಗಿನವರೆಗೆ 65 ಸೆಂ.ಮೀ. ಎಂದರೆ 16 ಸಾಲುಗಳು. ಒಟ್ಟು 496, ಕೊರಳು ಮತ್ತು ತೋಳಿನ ತೆರಪುಗಳಲ್ಲಿ ಕೆಲವು ಉಳಿಯುತ್ತವೆ, ಅವು ಮುಂದೆ ದುರಸ್ತಿಗೆ ಬೇಕೇ ಬೇಕು.

ಮೂಲೆಗಳನ್ನು ದುಂಡಗೆ ಕತ್ತರಿಸಿದ ಮೇಲೆ ಇಂಥ ಒಂದು 20 ಗೇಜಿನ ಅಲ್ಯೂಮಿನಿಯಂ ಬಿಲ್ಲೆ ಸುಮಾರು ಐದೂವರೆ ಗ್ರಾಂ ತೂಗುತ್ತದೆ, ಐನೂರಕ್ಕೆ 2.7 ಕೆ.ಜಿ. ಇದೇ ಅಳತೆಯ ಕಬ್ಬಿಣದ ಬಿಲ್ಲೆಗಳಾದರೆ ಎಂಟು ಕೆ.ಜಿ.ಗೆ ಹತ್ತಿರವಾಗುತ್ತದೆ. ಫೋಮ್ ಆದರೆ ಅರ್ಧ ಕೆ.ಜಿ. ಚಿಲ್ಲರೆ. ಇದಕ್ಕೆ ಒಳಗಿನ ಬಟ್ಟೆ, ದಾರ, ಪಟ್ಟಾಗಳ ತೂಕವನ್ನು ಸೇರಿಸಿಕೊಳ್ಳಬೇಕು. ತಗಡು ಸಾಮಾನ್ಯವಾಗಿ 8 ಅಡಿಗೆ 4 ಅಡಿಯ ಹಾಳೆಯಾಗಿ ಬರುತ್ತದೆ. ಅದರ ಅರ್ಧ ಹಾಳೆ, ಅಂದರೆ 4 ಅಡಿಗೆ 4 ಅಡಿ, ಅಡ್ಡಕ್ಕೆ 30 ಮತ್ತು ಉದ್ದಕ್ಕೆ 20ರಂತೆ 600 ಬಿಲ್ಲೆಗಳನ್ನು ಕೊಡುತ್ತದೆ. ಪೂರ್ತಿ ಹಾಳೆ ಕೊಂಡು ಅರ್ಧವನ್ನು ಗೆಳೆಯನಿಗೆ ಕೊಟ್ಟರೆ ಇಬ್ಬರಿಗೂ ಅನುಕೂಲ.

ಬಿಲ್ಲೆಗಳನ್ನು ಇನ್ನೂ ಚಿಕ್ಕದಾಗಿ ಮಾಡಿದರೆ ಕವಚ ಮೈಗೆ ಚೆನ್ನಾಗಿ ಹೊಂದುತ್ತದೆ, ಆದರೆ ಅಗಲ ಉದ್ದಗಳೆರಡನ್ನೂ ಅರ್ಧ ಮಾಡಿದರೆ ಸಂಖ್ಯೆ ನಾಲ್ಕು ಪಟ್ಟಿಗಿಂತ ಹೆಚ್ಚಾಗುತ್ತದೆಂಬುದನ್ನು ಮರೆಯಬಾರದು.

ಎಷ್ಟು ದಿನ ಹಿಡಿಯುತ್ತದೆ?

ಒಂದು ಬಿಲ್ಲೆಯನ್ನು ಕತ್ತರಿಸಿ, ಅಂಚು ಉಜ್ಜಿ, ತೂತು ಕೊರೆಯಲು ಐದು ನಿಮಿಷ ಎಂದರೂ ಐನೂರಕ್ಕೆ ನಲವತ್ತು ಗಂಟೆ ದಾಟುತ್ತದೆ. ಹೊಲಿಗೆಗೆ ಅದರ ಅರ್ಧಕ್ಕಿಂತ ಹೆಚ್ಚು. ದಿನಕ್ಕೆ ಎರಡು ಗಂಟೆ ಕುಳಿತರೆ ತಿಂಗಳೊಪ್ಪತ್ತಿನ ಕೆಲಸ.

ಒಳಗೆ ಯಾವ ಬಟ್ಟೆ ಹಾಕಬೇಕು?

ಇದನ್ನು ಎಲ್ಲರೂ ಕೊನೆಗೆ ಕೇಳುತ್ತಾರೆ, ಕೇಳಬೇಕಾದದ್ದು ಮೊದಲು. ನನ್ನ ಡಬ್ಬಿಯ ಕವಚ ಕೆಟ್ಟ ಮೇಲೆ ಅದನ್ನು ಅಂಗಳದಲ್ಲಿ ಹರಡಿಕೊಂಡು ಕುಳಿತಿದ್ದಾಗ, ಪಕ್ಕದ ಕಟ್ಟೆಯ ಮೇಲೆ ಕೌದಿ ಹೊಲಿಯುತ್ತಿದ್ದ ನಮ್ಮ ಓಣಿಯ ಅಜ್ಜಿಯೊಬ್ಬರು ಎದ್ದು ಬಂದು, ಬಿಲ್ಲೆಗಳ ಕಡೆ ನೋಡದೆ ಅಂಗಿಯ ಸೆರಗನ್ನು ಎರಡು ಬೆರಳುಗಳ ನಡುವೆ ಹಿಡಿದು ಹಿಸುಕಿ, "ತಮ್ಮಾ, ಅರಿವಿ ಗಟ್ಟಿ ಇಲ್ಲಂದ್ರ ತಗಡರ ಏನ್ ಮಾಡೀತು?" ಎಂದರು. ನಾನು ಬಳಸಿದ್ದು ಹಳೆಯ ಬೆಡ್‌ಶೀಟು. ಒಂದೊಂದು ತೂತೂ ಹಿಗ್ಗಿ ಕಡಲೆಕಾಳಿನಷ್ಟು ಅಗಲವಾಗಿತ್ತು.

ಆದ್ದರಿಂದ ಎರಡು ಅಂಗಿಗಳನ್ನು ಬೇರೆ ಬೇರೆಯಾಗಿ ಮಾಡಿಕೊಳ್ಳುವುದು ಒಳ್ಳೆಯದು. ಹೊರಗಿನದು ಬಿಲ್ಲೆಗಳನ್ನು ಹೊರುವ ಅಂಗಿ. ಅದಕ್ಕೆ ಕ್ಯಾನ್ವಾಸ್ ಅಥವಾ ಒರಟು ಖಾದಿಯ ಎರಡು ಪದರ ಬೇಕು. ರಾಷ್ಟ್ರಧ್ವಜಕ್ಕೆ ಹೆಸರಾದ ಬೆಂಗೇರಿ, ಗರಗಗಳು ನಮ್ಮ ಜಿಲ್ಲೆಯಲ್ಲಿಯೇ ಇರುವಾಗ ಒಳ್ಳೆಯ ಖಾದಿಗಾಗಿ ದೂರ ಹೋಗಬೇಕಾಗಿಲ್ಲ. ಬಟ್ಟೆಯನ್ನು ಕತ್ತರಿಸುವ ಮೊದಲು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿರಿ. ಹತ್ತಿಯ ಬಟ್ಟೆ ಕುಗ್ಗುತ್ತದೆ, ಬಿಲ್ಲೆ ಹೊಲಿದ ಮೇಲೆ ಕುಗ್ಗಿದರೆ ಸಾಲುಗಳೆಲ್ಲ ಸೊಟ್ಟಗಾಗುತ್ತವೆ.

ಒಳಗಿನದು ಮೈಗೆ ತಾಗುವ ದಪ್ಪ ಅಂಗಿ. ಯುರೋಪಿನ ಸೈನಿಕರು ಕವಚದ ಕೆಳಗೆ ತೊಡುತ್ತಿದ್ದ ಹತ್ತಿ ತುಂಬಿದ ಅಂಗಿಗೂ ನಮ್ಮ ಕೌದಿಗೂ ತತ್ತ್ವದಲ್ಲಿ ಭೇದವಿಲ್ಲ: ಹಳೆಯ ಮೆತ್ತನೆಯ ಬಟ್ಟೆಯ ಹಲವು ಪದರಗಳನ್ನು ಒತ್ತೊತ್ತಾದ ಓಟದ ಹೊಲಿಗೆಯಿಂದ ಕೂಡಿಸಿದರೆ ಏಟು ಒಂದೇ ಜಾಗದಲ್ಲಿ ನಾಟದೆ ಹರಡಿಕೊಳ್ಳುತ್ತದೆ. ನನ್ನದನ್ನು ಆ ಅಜ್ಜಿಯೇ ಹೊಲಿದುಕೊಟ್ಟರು. ಹಳೆಯ ಇಳಕಲ್ ಸೀರೆಯ ಆರು ಪದರ, ಬೆರಳಿನಗಲಕ್ಕೊಂದು ಸಾಲು ಹೊಲಿಗೆ, ಹೆಗಲ ಮೇಲೆ ಎರಡು ಪದರ ಹೆಚ್ಚು. ತೋಳಿಲ್ಲದ, ಪಕ್ಕಕ್ಕೆ ಕಸೆ ಕಟ್ಟುವ ಅಂಗಿ ಅದು, ಸುಮಾರು ಒಂದೂವರೆ ಕೆ.ಜಿ. ತೂಗುತ್ತದೆ. ಕೌದಿ ಹೊಲಿಯುವವರಿಗೆ ಹೇಳುವಾಗ ಅಂಗಿಯ ಅಳತೆಯ ಕಾಗದವನ್ನು ಕೊಡಿರಿ, ಕೂಲಿಯನ್ನು ಮೊದಲೇ ಮಾತನಾಡಿರಿ, ಚೌಕಾಸಿ ಮಾಡಬೇಡಿರಿ, ಏಕೆಂದರೆ ಆ ಹೊಲಿಗೆಯನ್ನು ನೀವೇ ಒಂದು ಗೇಣು ಹಾಕಿ ನೋಡಿದರೆ ಕೂಲಿ ಕಡಿಮೆಯಾಯಿತೆಂದು ನಿಮಗೇ ಅನ್ನಿಸುತ್ತದೆ.

ಅಳತೆ ತೆಗೆದುಕೊಳ್ಳುವುದು ಹೇಗೆ?

ಕೌದಿಯ ಅಂಗಿಯನ್ನು ತೊಟ್ಟುಕೊಂಡೇ ಅಳತೆ ತೆಗೆಯಬೇಕು. ಅದರ ಮೇಲೊಂದು ಹರಕು ಅಂಗಿ ಹಾಕಿ, ಗೆಳೆಯನಿಂದ ಪ್ಯಾಕಿಂಗ್ ಟೇಪನ್ನು ಸುತ್ತಿಸಿಕೊಂಡು, ಪಕ್ಕಗಳಲ್ಲಿ ಮತ್ತು ಹೆಗಲಿನಲ್ಲಿ ಕತ್ತರಿಸಿ ಬಿಡಿಸಿದರೆ ನಿಮ್ಮ ಮೈಯ ಅಚ್ಚು ಸಿಗುತ್ತದೆ. ಆ ಅಚ್ಚಿಗೆ ಸುತ್ತಳತೆಯಲ್ಲಿ 8 ಸೆಂ.ಮೀ.ನಷ್ಟು ಸಡಿಲ ಸೇರಿಸಿ ಬಟ್ಟೆ ಕತ್ತರಿಸಿರಿ. ಬಿಲ್ಲೆ ಹೊಲಿಯುವ ಮೊದಲು ಖಾಲಿ ಅಂಗಿಯನ್ನು ತೊಟ್ಟು ಎರಡೂ ಕೈಗಳನ್ನು ಮೇಲೆತ್ತಿ, ಬಗ್ಗಿ, ನೆಲದ ಮೇಲೆ ಊಟಕ್ಕೆ ಕುಳಿತಂತೆ ಚಕ್ಕಳಮಕ್ಕಳ ಹಾಕಿ ಕುಳಿತು ನೋಡಿರಿ. ಅಲ್ಲಿ ಬಿಗಿಯಾದದ್ದು ಬಿಲ್ಲೆ ಬಂದ ಮೇಲೆ ಇನ್ನೂ ಬಿಗಿಯಾಗುತ್ತದೆ.

ಬಿಲ್ಲೆಗಳನ್ನು ಕತ್ತರಿಸಿ ತಯಾರಿಸುವ ಕ್ರಮ ಏನು?

ಗಟ್ಟಿ ರಟ್ಟಿನಲ್ಲಿ ಒಂದು ಮಾದರಿ ಮಾಡಿ ತಗಡಿನ ಮೇಲೆ ಮೊಳೆಯಿಂದ ಗೆರೆ ಎಳೆಯಿರಿ. ಮೊದಲು ಉದ್ದ ಪಟ್ಟಿಗಳನ್ನೂ ಆಮೇಲೆ ಚೌಕಗಳನ್ನೂ ತಗಡು ಕತ್ತರಿಯಿಂದ ಕತ್ತರಿಸಿ, ಕೆಳಗಿನ ಎರಡು ಮೂಲೆಗಳನ್ನು ದುಂಡಗೆ ಮಾಡಿರಿ. ಅಂಚನ್ನು ಅರದಿಂದ ಉಜ್ಜಿ, ಬಳಿಕ ಎಮರಿ ಕಾಗದದಿಂದ ನುಣುಪಾಗಿಸಬೇಕು. ಮೇಲಂಚಿನಿಂದ 8 ಮಿ.ಮೀ. ಕೆಳಗೆ 3 ಮಿ.ಮೀ.ನ ಎರಡು ತೂತುಗಳು ಸಾಕು. ಹತ್ತು ಬಿಲ್ಲೆಗಳನ್ನು ಒಟ್ಟಿಗೆ ಬಿಗಿದು ಕೊರೆದರೆ ಕೆಲಸ ಬೇಗ ಮುಗಿಯುತ್ತದೆ.

ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇನ್ನು ಮುಂದಿನದು. ಕೊರೆದ ತೂತಿನ ಹಿಂಬದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳುಗಳು ಎದ್ದಿರುತ್ತವೆ, ದಾರವನ್ನು ತಿನ್ನುವುದು ಅವೇ. ಡ್ರಿಲ್ಲಿನ ದಪ್ಪ ಬಿಟ್ಟೊಂದನ್ನು ಕೈಯಲ್ಲಿ ಹಿಡಿದು ಪ್ರತಿಯೊಂದು ತೂತಿನ ಬಾಯಿಗೆ ಎರಡು ಸುತ್ತು ತಿರುಗಿಸಿದರೆ ಅವು ಹೋಗುತ್ತವೆ. ಕೊನೆಗೆ ಒಂದು ಹಿಡಿ ಅರಳೆಯನ್ನು ತೆಗೆದುಕೊಂಡು ಬಿಲ್ಲೆಯ ಸುತ್ತಲೂ ಸವರಿರಿ. ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೆಯೋ ಅಲ್ಲಿ ಇನ್ನೂ ಉಜ್ಜಬೇಕು. ಕೈಬೆರಳಿಗೆ ಗೊತ್ತಾಗದ ಚೂಪು ಅರಳೆಗೆ ಗೊತ್ತಾಗುತ್ತದೆ.

ಬಿಲ್ಲೆಯನ್ನು ಎರಡಿಂಚಿನ ಪೈಪಿನ ಮೇಲೆ ಉದ್ದುದ್ದಕ್ಕೆ ಒತ್ತಿ ತುಸು ಬಾಗಿಸಿದರೆ ಅದು ಗಟ್ಟಿಯಾಗುತ್ತದೆ, ಮೈಯ ದುಂಡಿಗೂ ಹೊಂದುತ್ತದೆ. ತಗಡಿನ ಕೆಲಸ ಮಾಡುವಾಗ ಕೈಗವಸು, ಕನ್ನಡಕ, ಮುಖಕ್ಕೆ ಮಾಸ್ಕು ಇರಲೇಬೇಕು.

ಹೊಲಿಗೆಯನ್ನು ಮೇಲಿನಿಂದ ಶುರುಮಾಡಬೇಕೋ ಕೆಳಗಿನಿಂದಲೋ?

ಕೆಳಗಿನಿಂದ. ಮನೆಗೆ ಮಂಗಳೂರು ಹಂಚು ಹೊದಿಸುವವರು ಸೂರಿನಿಂದ ಶುರುಮಾಡಿ ಮೇಲೇರುವಂತೆಯೇ ಇದು. ದರ್ಜಿಯ ಚಾಕಿನಿಂದ ಬಟ್ಟೆಯ ಮೇಲೆ 4 ಸೆಂ.ಮೀ.ಗೊಂದು ಗೆರೆ ಎಳೆದು, ಕೆಳಗಿನ ಗೆರೆಯ ಮೇಲೆ ಮೊದಲ ಸಾಲನ್ನು ಹೊಲಿಯಿರಿ. ಎರಡನೆಯ ಸಾಲಿನ ಬಿಲ್ಲೆಗಳು ಮೊದಲ ಸಾಲಿನ ಸಂದುಗಳ ಮೇಲೆ ಬರಬೇಕು, ಅಂದರೆ ಅರ್ಧ ಬಿಲ್ಲೆಯಷ್ಟು ಸರಿಸಬೇಕು, ಇಟ್ಟಿಗೆ ಗೋಡೆಯಲ್ಲಿ ಮಾಡುವಂತೆ. ಪಕ್ಕದ ಹೊದಿಕೆ ಎಡದಿಂದ ಬಲಕ್ಕೋ ಬಲದಿಂದ ಎಡಕ್ಕೋ ನಿಮ್ಮಿಷ್ಟ, ಆದರೆ ಶುರುಮಾಡಿದ್ದನ್ನು ನಡುವೆ ಬದಲಿಸಬೇಡಿರಿ.

ದಾರ ಚಪ್ಪಲಿ ಹೊಲಿಯುವವರು ಬಳಸುವ ನೈಲಾನಿನದಾಗಿರಲಿ, ಅದಕ್ಕೆ ಮೇಣ ಸವರಿಕೊಳ್ಳಿರಿ. ಸಣ್ಣ ದಬ್ಬಣ ಒಂದಿದ್ದರೆ ಸಾಕು. ಒಂದೊಂದು ಬಿಲ್ಲೆಗೂ, ಹೆಚ್ಚೆಂದರೆ ಎರಡಕ್ಕೊಂದರಂತೆ, ಬೇರೆ ಬೇರೆ ಗಂಟು ಹಾಕಬೇಕು. ಸಾಲಿಗೆಲ್ಲ ಒಂದೇ ದಾರ ಓಡಿಸಿದರೆ ಒಂದು ಕಡೆ ಕಡಿದಾಗ ಸಾಲೇ ಕಳಚಿ ಬೀಳುತ್ತದೆ.

ಹೊಲಿಗೆಯ ಬದಲು ರಿವೆಟ್ ಬಡಿಯಬಹುದೇ?

ತೊಗಲಿಗೆ ಬಡಿಯಬಹುದು. ಬಟ್ಟೆಗಾದರೆ ಪ್ರತಿಯೊಂದು ರಿವೆಟ್ಟಿಗೂ ಒಳಗಡೆ ವಾಷರ್ ಹಾಕದಿದ್ದರೆ ಕಿತ್ತುಕೊಂಡು ಬರುತ್ತದೆ. ನನಗೆ ಹೊಲಿಗೆಯೇ ಹಿತ.

ಹೆಗಲು ಮತ್ತು ಕಂಕುಳಲ್ಲಿ ಏನು ಮಾಡಬೇಕು?

ಕಂಕುಳಿನ ಸುತ್ತ ನಾಲ್ಕು ಬೆರಳಿನಷ್ಟು ಜಾಗವನ್ನು ಬರಿದಾಗಿಯೇ ಬಿಡಿರಿ. ಅಲ್ಲಿ ಬಿಲ್ಲೆ ಹೊಲಿದವರೆಲ್ಲರೂ ಒಂದೇ ಆಟದ ಬಳಿಕ ಅದನ್ನು ಕಿತ್ತಿದ್ದಾರೆ. ಹೆಗಲ ಮೇಲೆ ಎದೆಯ ಸಾಲುಗಳೂ ಬೆನ್ನಿನ ಸಾಲುಗಳೂ ಕೂಡುವ ಕಡೆ ಮನೆಯ ನೆತ್ತಿಯ ಹಂಚಿನಂತೆ ಒಂದು ತೊಗಲಿನ ಪಟ್ಟಿಯನ್ನು ಹೊದಿಸಿ ಹೊಲಿದರೆ ಸಂದು ಮುಚ್ಚುತ್ತದೆ. ಕೊರಳಿನ ಅಂಚಿಗೆ ಬಟ್ಟೆಯ ಗೋಟು ಕಟ್ಟುವುದನ್ನು ಮರೆಯಬೇಡಿರಿ, ಗದ್ದ ಬಗ್ಗಿಸಿದಾಗ ತಗಡು ತಾಗಬಾರದು. ಪಕ್ಕಗಳನ್ನು ಹೊಲಿದು ಮುಚ್ಚದೆ, ಮೂರು ಮೂರು ಪಟ್ಟಾಗಳಿಂದ ಬಿಗಿಯುವಂತೆ ಮಾಡಿದರೆ ತೊಡುವುದೂ ಕಳಚುವುದೂ ಸುಲಭ. ಬಿದ್ದು ಪೆಟ್ಟಾದವರ ಮೈಯಿಂದ ಕವಚವನ್ನು ಬೇಗ ತೆಗೆಯಲು ಸಾಧ್ಯವಾಗಬೇಕೆಂಬುದೂ ಇದಕ್ಕೆ ಇನ್ನೊಂದು ಕಾರಣ.

ಒಂದು ಗಂಟೆಯಲ್ಲೇ ಹೆಗಲು ನೋಯುತ್ತದೆ, ಏಕೆ?

ಇಡೀ ಭಾರ ಹೆಗಲಿನಿಂದ ತೂಗುತ್ತಿದೆ. ಸೊಂಟಕ್ಕೆ ಅಗಲವಾದ ಪಟ್ಟಾವನ್ನು ಬಿಗಿಯಾಗಿ ಕಟ್ಟಿ, ಕಟ್ಟುವ ಮೊದಲು ಕವಚವನ್ನು ಎರಡು ಬೆರಳಿನಷ್ಟು ಮೇಲಕ್ಕೆ ಎಳೆದುಕೊಳ್ಳಿರಿ. ಪಟ್ಟಾದ ಮೇಲೆ ಸಣ್ಣ ಚೀಲದಂತೆ ಕವಚ ಉಬ್ಬಿ ಕುಳಿತರೆ ಭಾರದ ಒಂದು ಪಾಲು ಸೊಂಟಕ್ಕೆ ಇಳಿಯುತ್ತದೆ. ಹೊಲದಲ್ಲಿ ಹೊರೆ ಹೊರುವವರು ನಡುಕಟ್ಟು ಬಿಗಿಯುವುದನ್ನು ನೋಡಿದವರಿಗೆ ಇದು ಹೊಸ ವಿದ್ಯೆಯಲ್ಲ.

ಫೋಮಿನ ಬಿಲ್ಲೆಗಳು ಲೋಹದಂತೆ ಕಾಣಬೇಕಾದರೆ?

ಹೀಟ್ ಗನ್ನಿನಿಂದ ಮೇಲ್ಮೈಯನ್ನು ಸವರಿದಂತೆ ಕಾಯಿಸಿದರೆ ಸಣ್ಣ ರಂಧ್ರಗಳು ಮುಚ್ಚಿ ತುಸು ಹೊಳಪು ಬರುತ್ತದೆ. ಅದರ ಮೇಲೆ ನೀರು ಬೆರೆಸಿದ ಬಿಳಿ ಫೆವಿಕಾಲನ್ನು ಮೂರು ನಾಲ್ಕು ಸಲ, ಪ್ರತಿ ಸಲವೂ ಒಣಗಲು ಬಿಟ್ಟು, ಬಳಿಯಿರಿ. ಬಳಿಕ ಕಪ್ಪು ಅಕ್ರಿಲಿಕ್ ಬಣ್ಣ, ಅದು ಒಣಗಿದ ಮೇಲೆ ಬೆಳ್ಳಿಯ ಬಣ್ಣವನ್ನು ಕುಂಚಕ್ಕೆ ತೀರ ಕಡಿಮೆ ಹಚ್ಚಿಕೊಂಡು ಉಬ್ಬಿದ ಭಾಗಗಳಿಗೆ ಮಾತ್ರ ತಾಗಿಸಬೇಕು. ತಗ್ಗುಗಳಲ್ಲಿ ಕಪ್ಪು ಉಳಿದರೇ ಲೋಹದ ಭ್ರಮೆ ಹುಟ್ಟುವುದು. ನಾಲ್ಕೈದು ಬಿಲ್ಲೆಗಳಿಗೊಂದರಂತೆ ತಾಮ್ರದ ಬಣ್ಣ ಕೊಟ್ಟರೂ ಚೆಂದ, ರೋಮನ್ನರೂ ಎರಡು ಬಣ್ಣದ ಬಿಲ್ಲೆಗಳನ್ನು ಬೆರೆಸುತ್ತಿದ್ದುದುಂಟು. ಫೋಮಿಗೆ ಹೊಲಿಗೆಯ ಜೊತೆಗೆ ಚಪ್ಪಲಿ ಅಂಗಡಿಯವರ ಹಳದಿ ಅಂಟನ್ನು ಬಳಸುವುದಾದರೆ ಬಯಲಿನಲ್ಲಿ ಬಳಸಿರಿ, ಹತ್ತಿರ ಬೆಂಕಿ ಇರಬಾರದು.

ನಮ್ಮ ಬಿಸಿಲಿಗೆ ಇದನ್ನು ತೊಡಲು ಸಾಧ್ಯವೇ?

ಏಪ್ರಿಲ್, ಮೇ ತಿಂಗಳ ಗದಗಿನಲ್ಲಿ ಹಗಲು ಹೊತ್ತು ತೊಡುವುದು ಬೇಡ. ನವೆಂಬರಿನಿಂದ ಫೆಬ್ರುವರಿವರೆಗೆ ಈ ಆಟಕ್ಕೆ ಒಳ್ಳೆಯ ಕಾಲ. ಬಿಸಿಯಾಗುವುದು ತಗಡಿಗಿಂತ ಹೆಚ್ಚಾಗಿ ಒಳಗಿನ ಕೌದಿಯಿಂದ, ಏಕೆಂದರೆ ಅದು ಬೆವರನ್ನು ಹೀರಿಕೊಂಡು ಗಾಳಿಯಾಡಲು ಬಿಡುವುದಿಲ್ಲ. ಅರ್ಧ ಗಂಟೆಗೊಮ್ಮೆ ನೆರಳಿನಲ್ಲಿ ಪಕ್ಕದ ಪಟ್ಟಾಗಳನ್ನು ಸಡಿಲಿಸಿ ಕುಳಿತುಕೊಳ್ಳಬೇಕು, ಉಪ್ಪು ಹಾಕಿದ ಮಜ್ಜಿಗೆ ಜೊತೆಗಿರಬೇಕು. ತಲೆ ತಿರುಗಿದರೆ, ಬೆವರು ನಿಂತುಹೋದರೆ ಪಾತ್ರವನ್ನು ಬಿಟ್ಟು ಕೂಡಲೇ ಕವಚ ಕಳಚಿ, ಮೈಗೆ ನೀರು ಹಾಕಿ, ವೈದ್ಯರಲ್ಲಿಗೆ ಹೋಗಬೇಕು.

ತೊಳೆಯುವುದು, ಇಡುವುದು ಹೇಗೆ?

ಕೌದಿಯ ಅಂಗಿ ಬೇರೆಯಾಗಿರುವುದರಿಂದ ಅದನ್ನು ತೊಳೆದು ಬಿಸಿಲಿಗೆ ಹಾಕಬಹುದು. ಬಿಲ್ಲೆಯ ಅಂಗಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಗಾಳಿಗೆ ನೇತುಹಾಕಿದರೆ ಸಾಕು, ಒದ್ದೆಯಿದ್ದಾಗ ಮಡಿಸಿ ಪೆಟ್ಟಿಗೆಯಲ್ಲಿ ಇಡಬಾರದು. ಅಲ್ಯೂಮಿನಿಯಂಗೆ ಕೆಂಪು ತುಕ್ಕು ಹಿಡಿಯುವುದಿಲ್ಲ, ಆದರೆ ಬಿಲ್ಲೆಗಳು ಉಜ್ಜಿಕೊಂಡು ಬೂದುಗಪ್ಪು ಮಸಿ ಬಿಡುತ್ತವೆ. ಬಿಳಿ ಅಂಗಿ ತೊಟ್ಟವರು ಇದನ್ನು ಆಟದ ಕೊನೆಗೆ ಕಂಡುಕೊಳ್ಳುತ್ತಾರೆ. ಮೇಲೆ ಬಣ್ಣವಿಲ್ಲದ ಲ್ಯಾಕರ್ ಹೊಡೆದರೆ ಮಸಿ ಕಡಿಮೆಯಾಗುತ್ತದೆ. ಕಬ್ಬಿಣದ ಬಿಲ್ಲೆಗಳಿಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳುವಾಗಿ ಸವರಿಡಬೇಕು, ಅದರಲ್ಲೂ ಜೂನ್ ಬರುವ ಮೊದಲು.

ಸಾಮಾನು ಎಲ್ಲಿ ಸಿಗುತ್ತದೆ?

ತಗಡಿಗೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಕಡೆ ವಿಚಾರಿಸಿರಿ. ಅಲ್ಯೂಮಿನಿಯಂನ್ನು ತೂಕದ ಮೇಲೆ ಕೊಡುತ್ತಾರೆ, 20 ಗೇಜಿನ ಅರ್ಧ ಹಾಳೆ ಸುಮಾರು 3.7 ಕೆ.ಜಿ. ಬರುತ್ತದೆಂಬುದನ್ನು ನೆನಪಿಟ್ಟುಕೊಂಡರೆ ಬೆಲೆಯನ್ನು ನೀವೇ ಲೆಕ್ಕ ಹಾಕಬಹುದು. ಬಟ್ಟೆ, ದಾರ, ದಬ್ಬಣಗಳು ದುರ್ಗದ ಬೈಲಿನ ಸುತ್ತಮುತ್ತಲ ಪೇಟೆಯಲ್ಲಿ ಸಿಗುತ್ತವೆ. ಪಟ್ಟಾ, ಬಕಲ್‌ಗಳಿಗೆ ಶಾಲಾ ಚೀಲ ದುರಸ್ತಿ ಮಾಡುವವರನ್ನು ಕೇಳಿರಿ.

ತೊಟ್ಟುಕೊಂಡು ಊರೊಳಗೆ ಓಡಾಡಬಹುದೇ? ಹಳೆಯ ಗುಡಿಗಳ ಬಳಿ ಆಡಬಹುದೇ?

ಕವಚ ಆಯುಧವಲ್ಲ, ಆದರೆ ಕವಚ ತೊಟ್ಟ ಹತ್ತು ಜನ ಕತ್ತಿಯಂತೆ ಕಾಣುವ ವಸ್ತುಗಳನ್ನು ಹಿಡಿದು ಹೊರಟರೆ ಜನ ಗಾಬರಿಯಾಗುವುದು ಸಹಜ. ಆಡುವ ಜಾಗದವರ ಒಪ್ಪಿಗೆ ಪಡೆದು, ಹತ್ತಿರದ ಪೊಲೀಸ್ ಠಾಣೆಗೆ ಮೊದಲೇ ತಿಳಿಸಿ, ಆಯುಧಗಳನ್ನು ಚೀಲದಲ್ಲಿಟ್ಟು ಒಯ್ಯಿರಿ. ಲಕ್ಕುಂಡಿಯಂಥ ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಆಡುವ ಮಾತೇ ಬೇಡ, ತಗಡಿನ ಬಿಲ್ಲೆ ತಾಗಿದರೆ ಬಳಪದ ಕಲ್ಲಿನ ಕೆತ್ತನೆ ಕೆರೆದುಹೋಗುತ್ತದೆ. ಗೆಳೆಯರೊಬ್ಬರ ಹೊಲ, ಕೊಯ್ಲಾದ ಮೇಲೆ, ಎಲ್ಲಕ್ಕಿಂತ ಒಳ್ಳೆಯ ರಣರಂಗ.

ಆಟದ ನಡುವೆ ಬಿಲ್ಲೆ ಉದುರಿದರೆ?

ಮೊದಲು ಅದನ್ನು ಹುಡುಕಿ ಎತ್ತಿಕೊಳ್ಳಿರಿ, ಹೊಲದಲ್ಲಿ ಬಿಟ್ಟರೆ ನಾಳೆ ಎತ್ತಿನ ಕಾಲಿಗೆ ಚುಚ್ಚುತ್ತದೆ. ಚೀಲದಲ್ಲಿ ಸದಾ ಇಪ್ಪತ್ತು ಬಿಲ್ಲೆ, ಮೇಣ ಹಚ್ಚಿದ ದಾರ, ದಬ್ಬಣ ಇರಲಿ. ಮೇಲಿನ ಸಾಲಿನ ಎರಡು ಬಿಲ್ಲೆಗಳನ್ನು ಎತ್ತಿ ಹಿಡಿಯಲು ಒಬ್ಬರು, ಹೊಲಿಯಲು ಒಬ್ಬರು ಇದ್ದರೆ ಐದು ನಿಮಿಷದ ಕೆಲಸ. ಒಬ್ಬರೇ ಇದ್ದರೆ ಬಟ್ಟೆ ಒಣಹಾಕುವ ಎರಡು ಕ್ಲಿಪ್ಪುಗಳನ್ನು ಹಚ್ಚಿ ಬಿಲ್ಲೆಗಳನ್ನು ಮೇಲೆತ್ತಿಟ್ಟುಕೊಳ್ಳಿರಿ.